ಸ್ಕ್ಯಾನ್ ಮಾಡಿದಾಗ "ಏನೂ ಇಲ್ಲ" ಅಂದ ಫೈಲು ಮೂರು ದಿನದ ಮೇಲೆ ವೈರಸ್ ಆಯಿತು. ಗುರುತೇ ಸಿಗದ್ದನ್ನು ತಡೆಯೋದು ಹೇಗೆ?

ಕರಡಮ್ಮ | ಶುಕ್ರವಾರ, ರಾತ್ರಿ 9:12

ನಾನು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಕಂಪ್ಯೂಟರ್ ನನಗೆ ಹೊಲಿಯುವವರಿಗೆ ಮಿಷನ್ ಇದ್ದ ಹಾಗೆ. ತುಳಿಯಲು ಗೊತ್ತು, ಬಿಚ್ಚಲು ಗೊತ್ತಿಲ್ಲ. ಉದ್ದ ಬರೆದಿದ್ದೇನೆ, ಸಹಿಸಿಕೊಳ್ಳಿ.

ಮಂಗಳವಾರ ಸಂಜೆ ಒಂದು ಮೇಲ್ ಬಂತು. ಕಾದಂಬರಿಯ ಕರಡು, 212 ಪುಟ, ಎರಡು ವಾರದಲ್ಲಿ ಬೇಕು, ಎಷ್ಟಾಗುತ್ತದೆ ತಿಳಿಸಿ ಎಂದು. ಜೊತೆಗೆ 4 ಎಂಬಿಯ ಜಿಪ್ ಫೈಲು. "ಇನ್ನೂ ಅಚ್ಚಾಗದ ಹಸ್ತಪ್ರತಿ, ಹಾಗಾಗಿ ಪಾಸ್‌ವರ್ಡ್ ಹಾಕಿದ್ದೇನೆ" ಎಂದು ಬರೆದು ಪಾಸ್‌ವರ್ಡನ್ನೂ ಅದೇ ಮೇಲ್‌ನಲ್ಲಿ ಕೊಟ್ಟಿದ್ದರು. ಎಷ್ಟು ಜಾಗರೂಕ ಮನುಷ್ಯ ಎಂದುಕೊಂಡೆ.

ವಿಂಡೋಸ್‌ನಲ್ಲಿ ಅದು ಬಿಚ್ಚಿಕೊಳ್ಳಲಿಲ್ಲ. ಹಿಂದೆ ಯಾವಾಗಲೋ ಹಾಕಿಕೊಂಡಿದ್ದ ಬೇರೊಂದು ಜಿಪ್ ಪ್ರೋಗ್ರಾಂನಲ್ಲಿ ಬಿಚ್ಚಿದೆ. ಒಳಗೆ ಒಂದೇ ಫೈಲು, ಪಿಡಿಎಫ್‌ನ ಕೆಂಪು ಚಿತ್ರ, ಹೆಸರು "ಕರಡು ಅಂತಿಮ ಡಾಟ್ ಪಿಡಿಎಫ್". ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿದೆ. ಏನೂ ಇಲ್ಲ ಎಂದು ಹಸಿರು ಟಿಕ್ ಬಂತು. ತೆರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಪ್ಪು ಕಿಟಕಿ ಬಂದು ಹೋಯಿತು, ಆಮೇಲೆ ಪಿಡಿಎಫ್ ತೆರೆದುಕೊಂಡಿತು. ಎರಡೇ ಪುಟ. ಉಳಿದ 210 ಪುಟ ಎಲ್ಲಿ ಎಂದು ಮೇಲ್ ಹಾಕಿದೆ. ಹೇಳಲು ನಾಚಿಕೆ, ಆ ಎರಡು ಪುಟದಲ್ಲಿ ನಾಲ್ಕು ತಪ್ಪು ಗುರುತು ಮಾಡಿ, ನನ್ನ ಕೆಲಸದ ಮಾದರಿ ಎಂದು ವಾಪಸ್ ಕಳಿಸಿದೆ ಕೂಡ. ಕಳ್ಳನ ಕರಡು ತಿದ್ದಿಕೊಟ್ಟವಳು ನಾನೊಬ್ಬಳೇ ಇರಬೇಕು.

ಇವತ್ತು ಬೆಳಿಗ್ಗೆ ಅದೇ ಆಂಟಿವೈರಸ್ ಅದೇ ಫೈಲನ್ನು ಹಿಡಿದು "ಅಪಾಯ ಪತ್ತೆಯಾಗಿದೆ, ತೆಗೆದುಹಾಕಲಾಗಿದೆ" ಎಂದಿತು.

ಮಂಗಳವಾರ ಒಳ್ಳೆಯದಾಗಿದ್ದ ಫೈಲು ಶುಕ್ರವಾರ ಕೆಟ್ಟದ್ದು ಹೇಗಾಯಿತು? ತೆಗೆದುಹಾಕಿದೆ ಎಂದರೆ ಮುಗಿಯಿತೇ? ಇನ್ನೊಂದು ಆಂಟಿವೈರಸ್ ಕೊಂಡು ಎರಡನ್ನೂ ಇಟ್ಟುಕೊಳ್ಳಲೇ? ದಯವಿಟ್ಟು "ಅಪರಿಚಿತರು ಕಳಿಸಿದ ಫೈಲ್ ತೆರೆಯಬೇಡಿ" ಎಂದು ಮಾತ್ರ ಹೇಳಬೇಡಿ. ಅಪರಿಚಿತರು ಕಳಿಸಿದ ಫೈಲ್ ತೆರೆಯುವುದೇ ನನ್ನ ಹೊಟ್ಟೆಪಾಡು. ಪ್ರತಿಯೊಬ್ಬ ಲೇಖಕರೂ ಒಂದು ದಿನ ನನಗೆ ಅಪರಿಚಿತರೇ ಆಗಿದ್ದರು.

ಪೆಂಗ್ವಿನ್ ಪ್ರಿಯ | ಶುಕ್ರವಾರ, ರಾತ್ರಿ 9:20

ವಿಂಡೋಸ್ ತೆಗೆದು ಲಿನಕ್ಸ್ ಹಾಕಿ. ಕಥೆ ಮುಗೀತು.

ಕರಡಮ್ಮ | ಶುಕ್ರವಾರ, ರಾತ್ರಿ 9:31

ನನಗೆ ಬರುವ ಪುಟವಿನ್ಯಾಸದ ಫೈಲುಗಳು ತೆರೆಯುವ ಪ್ರೋಗ್ರಾಂ ಅದರಲ್ಲಿ ಇಲ್ಲ, ಕೇಳಿ ನೋಡಿದ್ದೇನೆ. ಬಾಗಿಲ ಚಿಲಕ ಸಡಿಲ ಎಂದರೆ ಮನೆ ಬದಲಿಸಿ ಎಂದ ಹಾಗಾಯಿತು.

ಹಳೇ ಸ್ಕ್ರೂಡ್ರೈವರ್ | ಶುಕ್ರವಾರ, ರಾತ್ರಿ 10:05

ಮೇಡಂ, ನಿಮ್ಮ ಪ್ರಶ್ನೆಗಳಿಗೆ ಆಮೇಲೆ ಬರ್ತೀನಿ. ನೀವು ಕೇಳದೇ ಇರೋದು ಮೊದಲು. ಇದನ್ನ ಅದೇ ಕಂಪ್ಯೂಟರಿನಿಂದ ಟೈಪ್ ಮಾಡ್ತಿದ್ದೀರಾ? ಹೌದಾದರೆ ಈಗಲೇ ಅದರ ನೆಟ್ ಕಿತ್ತು ಹಾಕಿ, ಫೋನ್ ಎತ್ತಿಕೊಳ್ಳಿ. ಮಿಕ್ಕಿದ್ದೆಲ್ಲ ಫೋನಿಂದ.

"ತೆಗೆದುಹಾಕಲಾಗಿದೆ" ಅಂದರೆ ಫೈಲು ಹೋಯ್ತು ಅಂತ, ಅಷ್ಟೆ. ಮಂಗಳವಾರ ಸಂಜೆ ಅದು ಹೊತ್ತುಕೊಂಡು ಹೋಗಿದ್ದು ವಾಪಸ್ ಬರಲ್ಲ. ಕಪ್ಪು ಕಿಟಕಿ, ತೋರಿಕೆಗೆ ಒಂದು ಪಿಡಿಎಫ್, ಆಮೇಲೆ ಗಪ್‌ಚಿಪ್. ನೀವು ಹೇಳಿದ ಲಕ್ಷಣ ನೋಡಿದರೆ ಇದು ಇನ್ಫೋಸ್ಟೀಲರ್ ಜಾತಿಯದ್ದು. ರೆಡ್‌ಲೈನ್, ರಕೂನ್, ಲುಮ್ಮಾ ಅಂತೆಲ್ಲ ಹೆಸರು. ನಿಮ್ಮ ಫೈಲು ಲಾಕ್ ಮಾಡಿ ದುಡ್ಡು ಕೇಳೋ ಗಲಾಟೆ ಇವು ಮಾಡಲ್ಲ. ಬ್ರೌಸರಿನಲ್ಲಿ ನೀವು ಉಳಿಸಿಟ್ಟ ಪಾಸ್‌ವರ್ಡು, ಕುಕೀ ಎಲ್ಲ ಬಾಚಿಕೊಂಡು ಕೆಲವೇ ನಿಮಿಷದಲ್ಲಿ ಹೊರಗೆ ಕಳಿಸಿಬಿಡ್ತವೆ. ಕುಕೀ ಅಂದರೆ ನೀವು ಒಮ್ಮೆ ಲಾಗಿನ್ ಆದಮೇಲೆ ಆ ಸೈಟು ನಿಮ್ಮ ಬ್ರೌಸರಿಗೆ ಕೊಡೋ ಚೀಟಿ. ಚೀಟಿ ಕೈಯಲ್ಲಿದ್ದವನಿಗೆ ಅದು ಪಾಸ್‌ವರ್ಡೂ ಕೇಳಲ್ಲ, ಒಟಿಪಿನೂ ಕೇಳಲ್ಲ. ಒಟಿಪಿ ಇದೆ ನನಗೇನು ಭಯ ಅಂತ ಕೂತವರು ಮೋಸ ಹೋಗೋದು ಇಲ್ಲೇ.

ಹಾಗಾಗಿ ಫೋನಿನಿಂದ ಮೊದಲು ನಿಮ್ಮ ಮೇಲ್ ಖಾತೆ. ಬ್ಯಾಂಕಿಗಿಂತ ಮೊದಲು ಮೇಲ್, ಯಾಕಂದ್ರೆ ಮಿಕ್ಕ ಎಲ್ಲದರ ಪಾಸ್‌ವರ್ಡ್ ಬದಲಾಯಿಸೋ ಲಿಂಕು ಬಂದು ಬೀಳೋದು ಅಲ್ಲಿಗೇ. ಪಾಸ್‌ವರ್ಡ್ ಬದಲಿಸಿ, "ಎಲ್ಲ ಸಾಧನಗಳಿಂದ ಲಾಗೌಟ್" ಒತ್ತಿ. ಆ ಲಾಗೌಟ್ ಒತ್ತಿದರೇನೇ ಕದ್ದ ಚೀಟಿ ಹರಿದು ಹೋಗೋದು, ಬಿಡಬೇಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್, ರಿಕವರಿ ನಂಬರ್ ಎಲ್ಲ ನೀವೇ ಹಾಕಿದ್ದಾ ನೋಡಿ. ಆಮೇಲೆ ಬ್ಯಾಂಕು. ಮಿಕ್ಕಿದ್ದು ನಾಳೆ ಮಾಡಿದರೂ ನಡೆಯುತ್ತೆ. ಇವೆರಡು ಮುಗಿಸಿ ಬನ್ನಿ, ಕಾಯ್ತಿರ್ತೀನಿ.

ಕರಡಮ್ಮ | ಶುಕ್ರವಾರ, ರಾತ್ರಿ 11:18

ಬಂದೆ. ಕೈ ಇನ್ನೂ ನಡುಗುತ್ತಿದೆ.

ಮೇಲ್‌ನಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿಯಲ್ಲಿ ಮೂರಿದ್ದವು. ಒಂದು ಫೋನು, ಒಂದು ಈ ಕಂಪ್ಯೂಟರು. ಮೂರನೆಯದು ನನ್ನದಲ್ಲ, ಬುಧವಾರ ನಸುಕಿನಲ್ಲಿ ಬಂದದ್ದು. ಫಿಲ್ಟರ್‌ಗಳಲ್ಲಿ ನಾನು ಬರೆಯದ ಒಂದು ನಿಯಮ ಕೂತಿತ್ತು. "ಪಾಸ್‌ವರ್ಡ್" ಎಂಬ ಪದ ಇರುವ ಮೇಲ್ ಬಂದರೆ ಇನ್‌ಬಾಕ್ಸ್ ತಪ್ಪಿಸಿ ನೇರ ಕಸಕ್ಕೆ ಹಾಕು ಎಂದು. ಅಂದರೆ ಯಾರಾದರೂ ನನ್ನ ಖಾತೆ ಮುಟ್ಟಿದರೆ ಎಚ್ಚರಿಕೆಯ ಮೇಲ್ ನನ್ನ ಕಣ್ಣಿಗೆ ಬೀಳಬಾರದು! ಎರಡನ್ನೂ ತೆಗೆದೆ. ಬ್ಯಾಂಕಿನಲ್ಲಿ ಏನೂ ಹೋಗಿಲ್ಲ, ಪಾಸ್‌ವರ್ಡ್ ಬದಲಿಸಿದೆ.

ಈಗ ಹೇಳಿ, ಮಂಗಳವಾರ ಆ ಹಸಿರು ಟಿಕ್ ಯಾಕೆ ಬಂತು?

ಹಳೇ ಸ್ಕ್ರೂಡ್ರೈವರ್ | ಶನಿವಾರ, ಬೆಳಿಗ್ಗೆ 7:50

ನಿಮ್ಮ ಕೆಲಸದ ಭಾಷೆಯಲ್ಲೇ ಹೇಳ್ತೀನಿ. ಆಂಟಿವೈರಸ್‌ನ ಹಳೇ ವಿದ್ಯೆ ಸ್ಪೆಲ್‌ಚೆಕ್ ಇದ್ದ ಹಾಗೆ. ಅದರ ಹತ್ತಿರ ಒಂದು ಪಟ್ಟಿ ಇರುತ್ತೆ, ಪಟ್ಟಿಯಲ್ಲಿರೋ ಕೆಟ್ಟ ಫೈಲಿನ ಗುರುತಿಗೆ ತಾಳೆಯಾದರೆ ಹಿಡಿಯುತ್ತೆ. ಈಗ "ಮರದ ಕೊಂಬೆ ಮುರಿಯಿತು" ಅನ್ನೋ ಕಡೆ "ಮಠದ ಕೊಂಬೆ ಮುರಿಯಿತು" ಅಂತ ಬಿದ್ದಿದ್ದರೆ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುತ್ತಾ? ಎಳೆಯಲ್ಲ. ಮಠಾನೂ ಸರಿಯಾದ ಪದವೇ. ನೀವು ಹಿಡೀತೀರಿ, ಯಾಕಂದ್ರೆ ನೀವು ಅರ್ಥ ಓದ್ತೀರಿ.

ವೈರಸ್ ಬರೆಯೋರಿಗೂ ಇದು ಗೊತ್ತು. ಒಂದೇ ಸರಕನ್ನ ದಿನಕ್ಕೊಂದು ಹೊಸ ಹೊದಿಕೆಯಲ್ಲಿ ಸುತ್ತಿ ಕಳಿಸ್ತಾರೆ, ಕಳಿಸೋಕೆ ಮುಂಚೆ ತಾವೇ ಆಂಟಿವೈರಸ್‌ಗಳಲ್ಲಿ ಹಾಯಿಸಿ ಟಿಕ್ ಬರುತ್ತಾ ನೋಡಿಕೊಳ್ತಾರೆ. ಫೈಲಿನ ಒಂದು ಬೈಟ್ ಬದಲಾದರೂ ಅದರ ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯೋ ಬೆರಳಚ್ಚಿನಂಥ ಸಂಖ್ಯೆ, ಪೂರ್ತಿ ಬೇರೆ ಆಗುತ್ತೆ. ನಿಮಗೆ ಬಂದಿದ್ದು ಆವತ್ತಿನ ಹೊದಿಕೆ. ಎಲ್ಲೋ ಯಾರೋ ದೂರು ಕೊಟ್ಟು, ಯಾವುದೋ ಲ್ಯಾಬಿನಲ್ಲಿ ಬಿಚ್ಚಿ ನೋಡಿ, ಪಟ್ಟಿಗೆ ಸೇರಿ ನಿಮ್ಮ ಮನೆ ತಲುಪೋ ಹೊತ್ತಿಗೆ ಶುಕ್ರವಾರ. ಫೈಲು ಮಂಗಳವಾರವೂ ಕೆಟ್ಟದ್ದೇ. ಟಿಕ್‌ಗೆ "ಒಳ್ಳೇದು" ಅನ್ನೋ ಅರ್ಥ ಇಲ್ಲ, "ನನ್ನ ಪಟ್ಟಿಯಲ್ಲಿಲ್ಲ" ಅಂತ ಅಷ್ಟೇ.

ಈಗಿನ ಆಂಟಿವೈರಸ್‌ಗಳು ಅರ್ಥ ಓದೋಕೂ ಪ್ರಯತ್ನಿಸ್ತವೆ. ವರ್ಡ್ ಫೈಲೊಂದು ಪವರ್‌ಶೆಲ್ (ವಿಂಡೋಸ್‌ಗೆ ಸಾಲು ಬರೆದು ಆಜ್ಞೆ ಕೊಡೋ ಪ್ರೋಗ್ರಾಂ) ಎಬ್ಬಿಸಿದರೆ, ಒಂದು ಪ್ರೋಗ್ರಾಂ ಸಾಲಾಗಿ ನೂರಾರು ಫೈಲು ಬರೆದು ಅಳಿಸಿದರೆ, ಪಟ್ಟಿಯಲ್ಲಿ ಇಲ್ಲದಿದ್ದರೂ ಕುತ್ತಿಗೆ ಹಿಡೀತವೆ. ಆದರೆ ಅದು ಕೆಲಸ ಶುರುವಾದ ಮೇಲಿನ ಮಾತು, ಮತ್ತೆ ಕಳ್ಳತನ ಅಷ್ಟು ಸದ್ದು ಮಾಡಲ್ಲ. ಎಲ್ಲ ವೈರಸ್ಸನ್ನೂ ತಪ್ಪಿಲ್ಲದೆ ಗುರುತಿಸೋ ಪ್ರೋಗ್ರಾಂ ಬರೆಯೋಕೆ ಸಾಧ್ಯವೇ ಇಲ್ಲ ಅಂತ ಫ್ರೆಡ್ ಕೊಹೆನ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 1984ರಲ್ಲೇ ತರ್ಕ ಹೂಡಿ ತೋರಿಸಿದ್ದಾರೆ. ಜಾಹೀರಾತಿನಲ್ಲಿ 100 ಪರ್ಸೆಂಟ್ ಅಂತ ಕಂಡರೆ ಪುಟ ತಿರುಗಿಸಿ.

ಎರಡು ಆಂಟಿವೈರಸ್ ಬೇಡ. ಎರಡೂ ಒಂದೇ ಫೈಲಿಗೆ ಜಗ್ಗಾಡಿ ಕಂಪ್ಯೂಟರ್ ತೆವಳುತ್ತೆ. ಎರಡಕ್ಕೂ ಗೊತ್ತಿಲ್ಲದ್ದು ಹೇಗೂ ಎರಡಕ್ಕೂ ಗೊತ್ತಿಲ್ಲ. ವಿಂಡೋಸ್ ಜೊತೆ ಬರೋ ಡಿಫೆಂಡರ್ ಮನೆಗೆ ಸಾಕು. ಅದರ ಕ್ಲೌಡ್ ಪ್ರೊಟೆಕ್ಷನ್ (ಅನುಮಾನದ ಫೈಲನ್ನ ಮೈಕ್ರೋಸಾಫ್ಟ್‌ನ ಸರ್ವರಿಗೆ ಕೇಳೋದು) ಮತ್ತೆ ಟ್ಯಾಂಪರ್ ಪ್ರೊಟೆಕ್ಷನ್ (ಬೇರೆ ಪ್ರೋಗ್ರಾಂ ಡಿಫೆಂಡರನ್ನ ಆಫ್ ಮಾಡದ ಹಾಗೆ ಕಾಯೋದು) ಆನ್ ಇದೆಯಾ ನೋಡಿ, ಆಮೇಲೆ ಅದನ್ನ ಮರೆತುಬಿಡಿ.

ಒಂದು ಕೇಳಬೇಕು. ಆ ಜಿಪ್ 4 ಎಂಬಿ ಅಂದ್ರಿ. ಬಿಚ್ಚಿದ ಮೇಲೆ ಫೈಲು ಎಷ್ಟಿತ್ತು?

ಕರಡಮ್ಮ | ಶನಿವಾರ, ಬೆಳಿಗ್ಗೆ 8:26

ಫೈಲು ಈಗಿಲ್ಲ, ಆದರೆ ಜಿಪ್ ಇನ್ನೂ ಇದೆ. ತೆರೆಯದೆ ಪಟ್ಟಿ ಮಾತ್ರ ನೋಡಿದೆ. ಒಳಗಿನ ಫೈಲಿನ ಗಾತ್ರ 740 ಎಂಬಿ ಎಂದಿದೆ. ಎರಡು ಪುಟಕ್ಕೆ! ಆವತ್ತು ನೋಡಿದ್ದರೆ ಖಂಡಿತ ಅನುಮಾನ ಬರುತ್ತಿತ್ತು. ಪೂರ್ಣವಿರಾಮ ತಪ್ಪಿದ್ದು ಕಾಣುವ ಕಣ್ಣಿಗೆ ಇದು ಕಾಣಲಿಲ್ಲ. ಇನ್ನೊಂದು ವಿಷಯ. ಈ ಪಟ್ಟಿಯಲ್ಲಿ ಹೆಸರು ಪಿಡಿಎಫ್‌ಗೆ ನಿಂತಿಲ್ಲ. ಅದರ ಮುಂದೆ ಡಾಟ್ ಎಸ್‌ಸಿಆರ್ ಎಂದು ಇನ್ನೊಂದು ಬಾಲ ಇದೆ.

ಹಳೇ ಸ್ಕ್ರೂಡ್ರೈವರ್ | ಶನಿವಾರ, ಬೆಳಿಗ್ಗೆ 9:10

ಪೂರ್ತಿ ಚಿತ್ರ ಸಿಕ್ತು. ಎಸ್‌ಸಿಆರ್ ಅಂದರೆ ಸ್ಕ್ರೀನ್‌ಸೇವರ್, ಅಂದರೆ ಶುದ್ಧ ಪ್ರೋಗ್ರಾಂ. ಇಎಕ್ಸ್‌ಇಗೂ ಅದಕ್ಕೂ ವ್ಯತ್ಯಾಸ ಇಲ್ಲ. ವಿಂಡೋಸ್ ಹುಟ್ಟಾ ಕೊನೇ ಬಾಲ ಮುಚ್ಚಿಡುತ್ತೆ, ಅದಕ್ಕೆ ನಿಮಗೆ ಪಿಡಿಎಫ್ ಅಂತಷ್ಟೇ ಕಂಡಿದ್ದು. 2000ದ ಮೇ ತಿಂಗಳಲ್ಲಿ ಜಗತ್ತೆಲ್ಲ ಸುತ್ತಿದ ಐಲವ್‌ಯೂ ವೈರಸ್ಸೂ ಇದೇ ಬಾಲ ಮುಚ್ಚಿಕೊಂಡು ಬಂದಿತ್ತು. ಹೊರಗೆ ಬರೀ ಬರಹದ ಟಿಎಕ್ಸ್‌ಟಿ, ಹಿಂದೆ ಪ್ರೋಗ್ರಾಂನ ವಿಬಿಎಸ್. ಇಷ್ಟು ವರ್ಷ ಆದರೂ ಆ ಸೆಟ್ಟಿಂಗ್ ಹಾಗೇ ಇಟ್ಟಿದ್ದಾರಲ್ಲ ಅಂತ ನನಗೆ ಸಿಟ್ಟು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ. ಅರ್ಧ ನಿಮಿಷದ ಕೆಲಸ.

740 ಎಂಬಿಯಲ್ಲಿ ಬಹುಪಾಲು ಬರೀ ಸೊನ್ನೆ. ತುಂಬ ದೊಡ್ಡ ಫೈಲನ್ನ ಸ್ಕ್ಯಾನರ್‌ಗಳು ಪೂರ್ತಿ ನೋಡದೆ ಬಿಡೋದುಂಟು, ಪರೀಕ್ಷೆಗೆ ಕ್ಲೌಡಿಗೂ ಕಳಿಸಲ್ಲ. ಅದಕ್ಕೇ ಗಾಳಿ ಊದಿದ್ದಾರೆ. ಸೊನ್ನೆಗಳನ್ನ ಎಷ್ಟು ಬೇಕಾದರೂ ಅದುಮಬಹುದು, ಹಾಗಾಗಿ ಜಿಪ್‌ನಲ್ಲಿ 4 ಎಂಬಿಗೆ ಕೂತಿದೆ. ಪಾಸ್‌ವರ್ಡ್ ಹಾಕಿದ್ದು ನಿಮ್ಮ ಮೇಲ್ ಕಂಪನಿಯ ಸ್ಕ್ಯಾನರ್ ಒಳಗೆ ಇಣುಕದ ಹಾಗೆ. ಬೀಗ ಒಂದು ಕೈಯಲ್ಲಿ, ಬೀಗದ ಕೈ ಇನ್ನೊಂದರಲ್ಲಿ ಹಿಡಿದು ಒಬ್ಬನೇ ಬಂದು ನಿಂತರೆ ಆ ಬೀಗ ಯಾರಿಂದ ಕಾಪಾಡೋಕೆ ಅಂತ ಕೇಳಬೇಕು.

ಇನ್ನು ಬೇರೆ ಪ್ರೋಗ್ರಾಂನಲ್ಲಿ ಬಿಚ್ಚಿದ್ರಲ್ಲ, ಪೆಟ್ಟು ಬಿದ್ದಿದ್ದು ಅಲ್ಲೇ. ಇಂಟರ್ನೆಟ್ಟಿನಿಂದ ಬಂದ ಫೈಲಿಗೆ ವಿಂಡೋಸ್ ಕಾಣದ ಹಾಗೆ ಒಂದು ಮುದ್ರೆ ಒತ್ತುತ್ತೆ. ಆ ಮುದ್ರೆ ನೋಡಿಯೇ ಸ್ಮಾರ್ಟ್‌ಸ್ಕ್ರೀನ್ ಅಡ್ಡ ಬಂದು "ಈ ಪ್ರೋಗ್ರಾಂ ಯಾರದ್ದೋ ಗೊತ್ತಿಲ್ಲ" ಅನ್ನೋದು, ವರ್ಡ್ ಹಳದಿ ಪಟ್ಟಿ ತೋರಿಸೋದು, ಮ್ಯಾಕ್ರೋ (ಡಾಕ್ಯುಮೆಂಟ್ ಒಳಗೆ ಕೂತ ಪುಟ್ಟ ಪ್ರೋಗ್ರಾಂ) ತಡೆಯೋದು. ವಿಂಡೋಸ್‌ನದೇ ಜಿಪ್‌ನಲ್ಲಿ ಬಿಚ್ಚಿದರೆ ಮುದ್ರೆ ಒಳಗಿನ ಫೈಲಿಗೂ ಇಳಿಯುತ್ತೆ. ಎಷ್ಟೋ ಹೊರಗಿನ ಪ್ರೋಗ್ರಾಂಗಳಲ್ಲಿ ಉದುರಿ ಹೋಗುತ್ತೆ. ಪೆನ್‌ಡ್ರೈವಿಗೆ ಹಾಕಿ ತಂದರೂ ಸಾಮಾನ್ಯವಾಗಿ ಉದುರುತ್ತೆ. ಯಾವುದೇ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಕೆಳಗೆ "ಬೇರೆ ಕಂಪ್ಯೂಟರಿನಿಂದ ಬಂದದ್ದು" ಅನ್ನೋ ಸಾಲು, ಪಕ್ಕದಲ್ಲಿ ಅನ್‌ಬ್ಲಾಕ್ ಇದ್ದರೆ ಮುದ್ರೆ ಇದೆ ಅಂತ ಅರ್ಥ. ಅದನ್ನ ಟಿಕ್ ಮಾಡೋಕೆ ಹೋಗಬೇಡಿ.

ಕಂಬಳಿಹುಳು | ಶನಿವಾರ, ಬೆಳಿಗ್ಗೆ 10:02

ಸ್ಕ್ರೂಡ್ರೈವರ್ ಸರ್, ಒಂದು ಸಣ್ಣ ತಿದ್ದುಪಡಿ. ಎಕ್ಸ್‌ಟೆನ್ಶನ್ ತೋರಿಸು ಅಂತ ಟಿಕ್ ಹಾಕಿದರೂ ಶಾರ್ಟ್‌ಕಟ್ ಫೈಲಿನ ಬಾಲ, ಎಲ್‌ಎನ್‌ಕೆ, ಕಾಣಿಸಲ್ಲ. ವಿಂಡೋಸ್ ಅದನ್ನ ಯಾವತ್ತೂ ಮುಚ್ಚೇ ಇಡುತ್ತೆ. ಜಿಪ್ ಒಳಗೆ ಎಲ್‌ಎನ್‌ಕೆ ಇಟ್ಟು ಕಳಿಸೋರು ಬೇಕಾದಷ್ಟು ಜನ. ಅದಕ್ಕೆ ಫೋಲ್ಡರನ್ನ ಡೀಟೇಲ್ಸ್ ವ್ಯೂನಲ್ಲಿಟ್ಟು ಟೈಪ್ ಅನ್ನೋ ಕಾಲಂ ನೋಡೋದು ರೂಢಿ ಮಾಡ್ಕೊಳ್ಳಿ. ಅಲ್ಲಿ ಶಾರ್ಟ್‌ಕಟ್ ಅಂತ ಬಂದರೆ ಕರಡು ಅಲ್ಲ.

ಮತ್ತೆ ಫೈಲೇ ಇಲ್ಲದೆಯೂ ಬರುತ್ತೆ. ಹೋದ ತಿಂಗಳು ನಮ್ಮಣ್ಣ ಒಂದು ಸೈಟ್ ತೆರೆದ. "ನೀವು ರೋಬೋಟ್ ಅಲ್ಲ ಅಂತ ಖಚಿತಪಡಿಸಿ" ಅಂತ ಚೌಕ, ಅದರ ಕೆಳಗೆ ಮೂರು ಹೆಜ್ಜೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ. ಅವನು ಎರಡು ಒತ್ತಿ ಆಗಿತ್ತು. ಆ ರನ್ ಡಬ್ಬಿಯಲ್ಲಿ ಪವರ್‌ಶೆಲ್ ಅಂತ ಶುರುವಾಗೋ ಉದ್ದ ಸಾಲು ಬಂದು ಕೂತಿದ್ದು ನಾನು ಹಿಂದಿನಿಂದ ನೋಡಿ ಕೈ ಹಿಡಿದೆ. ಆ ಪುಟವೇ ಅವನ ಕ್ಲಿಪ್‌ಬೋರ್ಡಿಗೆ, ಅಂದರೆ ಕಾಪಿ ಮಾಡಿದ್ದು ಕೂರೋ ಜಾಗಕ್ಕೆ, ಅದನ್ನ ತುರುಕಿತ್ತು. ಸ್ಕ್ಯಾನ್ ಮಾಡೋಕೆ ಡೌನ್‌ಲೋಡೇ ಆಗಿಲ್ಲ, ಓಡಿಸೋನು ನೀನೇ!

ಹಳೇ ಸ್ಕ್ರೂಡ್ರೈವರ್ | ಶನಿವಾರ, ಬೆಳಿಗ್ಗೆ 11:30

ಎಲ್‌ಎನ್‌ಕೆ ಮಾತು ಒಪ್ಪಿದೆ, ನಾನು ಬಿಟ್ಟಿದ್ದೆ.

ಮೇಡಂ, ಈಗ ಮುಂದಿನದು. ಗುರುತಿಲ್ಲದ್ದನ್ನ ಬಾಗಿಲಲ್ಲೇ ಹಿಡೀತೀನಿ ಅನ್ನೋ ಆಸೆ ಬಿಡಿ. ಅದು ಒಳಗೆ ಬಂದರೂ ಕೈಗೆ ಏನು ಸಿಗುತ್ತೆ ಅಂತ ಯೋಚಿಸಿ. ಮಂಗಳವಾರ ಅದಕ್ಕೆ ಎಲ್ಲ ಸಿಕ್ತು, ಯಾಕಂದ್ರೆ ನೀವು ಮೇಲ್ ನೋಡೋದು, ಬ್ಯಾಂಕ್ ತೆರೆಯೋದು, ಅಪರಿಚಿತರ ಫೈಲು ಬಿಚ್ಚೋದು ಎಲ್ಲ ಒಂದೇ ಖಾತೆಯಲ್ಲಿ, ಅದೂ ಅಡ್ಮಿನ್, ಅಂದರೆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸೋ ಅಧಿಕಾರದ ಖಾತೆ ಇರಬೇಕು.

ಮೊದಲು ವಿಂಡೋಸ್ ಹೊಸದಾಗಿ ಹಾಕಿ. ತೊಳೆದು ಒರೆಸಿ ಇದನ್ನೇ ಬಳಸ್ತೀನಿ ಅನ್ನಬೇಡಿ. ಅದು ಇನ್ನೇನು ಬಿಟ್ಟು ಹೋಗಿದೆಯೋ ನನಗೂ ಕಾಣಲ್ಲ, ನಿಮ್ಮ ಆಂಟಿವೈರಸ್‌ಗೂ ಕಾಣಲ್ಲ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿ ಪೆನ್‌ಡ್ರೈವ್ ಮಾಡಿಸಿಕೊಳ್ಳಿ. ಇನ್ನೂ ವಿಂಡೋಸ್ 10ರಲ್ಲೇ ಇದ್ದರೆ ಇದೇ ನೆಪದಲ್ಲಿ 11ಕ್ಕೆ ಹೋಗಿ, 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಾಗಿ ಹಾಕಿದ 11ರಲ್ಲಿ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಅಂತ ಇರುತ್ತೆ, ಅದು ಆನ್ ಇದ್ದರೆ ಯಾರೂ ಕಂಡಿರದ, ತಯಾರಕರ ಡಿಜಿಟಲ್ ಸಹಿಯಿಲ್ಲದ ಪ್ರೋಗ್ರಾಂಗಳನ್ನ ಓಡೋಕೇ ಬಿಡಲ್ಲ. ಅದನ್ನ ಆಫ್ ಮಾಡಬೇಡಿ.

ಆಮೇಲೆ ಮೂರು ಖಾತೆ ಮಾಡಿ. ಅಡ್ಮಿನ್ ಒಂದು, ಅದರಲ್ಲಿ ದಿನಾ ಕೂರೋದೇ ಇಲ್ಲ. ನಿಮ್ಮ ದಿನದ ಖಾತೆ, ಸ್ಟ್ಯಾಂಡರ್ಡ್, ಅಂದರೆ ಆ ಅಧಿಕಾರ ಇಲ್ಲದ್ದು. ಮೂರನೇದಕ್ಕೆ ನಾನು ಜಗಲಿ ಅಂತ ಹೆಸರಿಡ್ತೀನಿ. ಬಂದೋರು ಮೊದಲು ಜಗಲಿ ಮೇಲೆ ಕೂರಲಿ. ಅದೂ ಸ್ಟ್ಯಾಂಡರ್ಡ್. ಅದರ ಬ್ರೌಸರಿನಲ್ಲಿ ಒಂದೂ ಲಾಗಿನ್ ಇಲ್ಲ, ಒಂದೂ ಪಾಸ್‌ವರ್ಡ್ ಇಲ್ಲ. ಹೊಸಬರ ಫೈಲು ತೆರೆಯೋದು ಅಲ್ಲೇ. ಸ್ಟ್ಯಾಂಡರ್ಡ್ ಖಾತೆಯಲ್ಲಿ ಓಡಿದ ಪ್ರೋಗ್ರಾಂಗೆ ಇನ್ನೊಬ್ಬರ ಖಾತೆಯ ಡಾಕ್ಯುಮೆಂಟ್ಸ್ ಓದೋಕೆ ಅನುಮತಿ ಇಲ್ಲ. ಮಂಗಳವಾರದ ಕಳ್ಳ ಜಗಲಿಗೆ ಬಂದಿದ್ದರೆ ಖಾಲಿ ಚೀಲ ಹೊತ್ತು ಹೋಗ್ತಿದ್ದ. ಇದು ಉಕ್ಕಿನ ಗೋಡೆ ಅಂತ ಹೇಳಲ್ಲ. ವಿಂಡೋಸ್‌ನಲ್ಲಿ ತೂತು ಸಿಕ್ಕರೆ ದಾಟಿ ಬರಬಹುದು. ಜಗಲಿಯಲ್ಲಿದ್ದಾಗ ಅಡ್ಮಿನ್ ಪಾಸ್‌ವರ್ಡ್ ಕೇಳಿದ ಯಾವುದಕ್ಕೂ ಕೊಡಬೇಡಿ, ಅಷ್ಟರಲ್ಲೇ ಬಹುಪಾಲು ತಡೆಯಾಗುತ್ತೆ. ವಿಂಡೋಸ್ ಪ್ರೋ ಇದ್ದವರಿಗೆ ಸ್ಯಾಂಡ್‌ಬಾಕ್ಸ್ ಇದೆ, ಕಂಪ್ಯೂಟರಿನೊಳಗೇ ಇನ್ನೊಂದು ತಾತ್ಕಾಲಿಕ ಕಂಪ್ಯೂಟರ್ ಇದ್ದ ಹಾಗೆ. ಮುಚ್ಚಿದ ಕೂಡಲೇ ಒಳಗಿದ್ದದ್ದೆಲ್ಲ ಮಾಯ. ಹೋಮ್‌ನಲ್ಲಿ ಅದಿಲ್ಲ.

ತೂತು ಅಂದೆನಲ್ಲ, ಅಪ್‌ಡೇಟ್ ಮುಂದೂಡಬೇಡಿ. ಫೈಲು ಲಾಕ್ ಮಾಡಿ ದುಡ್ಡು ಕೇಳೋ ವನ್ನಾಕ್ರೈ ಹರಡಿದ್ದು 2017ರ ಮೇ 12ಕ್ಕೆ. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ವೈರಸ್ ಹೊಚ್ಚ ಹೊಸದು, ತೂತು ಎರಡು ತಿಂಗಳು ಹಳೇದು.

ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸೋದು ನಿಲ್ಲಿಸಿ, ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಂಡು ಕೆಲಸ ಮುಗಿದ ಮೇಲೆ ಲಾಕ್ ಮಾಡಿ. ಬೇಡದ ಪ್ರೋಗ್ರಾಂ ಕಿತ್ತು ಹಾಕಿ. ಅಧಿಕೃತ ಸೈಟಿನಿಂದ ಇಳಿಸಿದರೆ ಭಯವಿಲ್ಲ ಅಂತಾರೆ. 2017ರಲ್ಲಿ ಕಂಪ್ಯೂಟರ್ ಸ್ವಚ್ಛ ಮಾಡೋ ಸಿಕ್ಲೀನರ್ ಅನ್ನೋ ಪ್ರೋಗ್ರಾಂನ 5.33 ಆವೃತ್ತಿಯೊಳಗೆ ಯಾರೋ ಮಾಲ್‌ವೇರ್ ಸೇರಿಸಿದ್ದರು, ಕಂಪನಿಯ ಸಹಿ ಸಮೇತ ಅಧಿಕೃತ ಸೈಟಿನಿಂದಲೇ ಹಂಚಿಕೆ ಆಯ್ತು. ಇಲ್ಲದ ಪ್ರೋಗ್ರಾಂನಿಂದ ಏನೂ ಬರಲ್ಲ.

ಕರಡಮ್ಮ | ಶನಿವಾರ, ಮಧ್ಯಾಹ್ನ 12:15

ಜಗಲಿ ಇಷ್ಟವಾಯಿತು. ಒಂದು ಅನುಮಾನ. ಎಪ್ಪತ್ತು ಆಂಟಿವೈರಸ್‌ಗಳಲ್ಲಿ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ಎಂಬ ಸೈಟ್ ಇದೆಯಂತೆ. ಬಂದ ಕರಡನ್ನೆಲ್ಲ ಅಲ್ಲಿ ಹಾಕಿ ನೋಡಬಹುದೇ?

ಹಳೇ ಸ್ಕ್ರೂಡ್ರೈವರ್ | ಶನಿವಾರ, ಮಧ್ಯಾಹ್ನ 12:40

ಅಯ್ಯೋ, ಹಸ್ತಪ್ರತಿ ಅಲ್ಲಿ ಹಾಕಬೇಡಿ! ಅಲ್ಲಿ ಏರಿಸಿದ ಫೈಲು ಚಂದಾ ಕಟ್ಟಿದ ಸಂಸ್ಥೆಗಳ ಕೈಗೂ ಸಿಗುತ್ತೆ. ಅಚ್ಚಾಗದ ಕಾದಂಬರಿ ನೀವೇ ಊರಿಗೆಲ್ಲ ಹಂಚಿದ ಹಾಗೆ. ಬೇಕಿದ್ದರೆ ಫೈಲಿನ ಹ್ಯಾಶ್ ಮಾತ್ರ ಹಾಕಿ ಹುಡುಕಬಹುದು. "ಕಂಡೇ ಇಲ್ಲ" ಅಂತ ಬಂದರೆ ಅದು ಕರಡಿಗೆ ಸಹಜ, ನಿಮ್ಮ ಲೇಖಕರು ನಿನ್ನೆ ಬರೆದದ್ದು ಯಾರು ಕಂಡಿರ್ತಾರೆ. ಹೆಸರಾಂತ ಪ್ರೋಗ್ರಾಂ ಅಂತ ಹೇಳಿಕೊಳ್ಳೋ ಇನ್‌ಸ್ಟಾಲರ್‌ಗೆ ಹಾಗೆ ಬಂದರೆ ಮಾತ್ರ ಓಡಿ. ಮತ್ತೆ, ಎಪ್ಪತ್ತೂ ಹಸಿರು ಬಂದರೂ ಮಂಗಳವಾರದ ಕಥೆ ನೆನಪಿರಲಿ.

ಲೆಕ್ಕದ ಮೇಷ್ಟ್ರು | ಶನಿವಾರ, ಸಂಜೆ 4:20

ಎಲ್ಲರೂ ಕಳ್ಳನ ಬಗ್ಗೆ ಹೇಳಿದಿರಿ, ನನಗೆ ಬಡಿದದ್ದು ಲಾಕ್ ಮಾಡುವ ಜಾತಿ. ಬ್ಯಾಕಪ್ ಇತ್ತು ಸ್ವಾಮಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಪ್ರತಿ ರಾತ್ರಿ ತಾನೇ ಕಾಪಿ ಆಗುವಂತೆ ಮಾಡಿ, ಕೇಬಲ್ ಕೀಳದೆ ಮಾನಿಟರ್ ಹಿಂದೆ ಟೇಪ್ ಹಚ್ಚಿ ಅಂಟಿಸಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಒಳಗಿನ ಡಿಸ್ಕೂ ಅದೇ ಗತಿ, ಹೊರಗಿನದೂ ಅದೇ ಗತಿ. ಚುಚ್ಚಿಯೇ ಇದ್ದರೆ ಅದು ಇನ್ನೊಂದು ಡ್ರೈವ್, ಬ್ಯಾಕಪ್ ಅಲ್ಲ. ಈಗ ಎರಡು ಡಿಸ್ಕ್. ಭಾನುವಾರ ಒಂದು, ಮುಂದಿನ ಭಾನುವಾರ ಇನ್ನೊಂದು. ಕಾಪಿ ಆದ ಕೂಡಲೇ ಕಿತ್ತು ಬೀರುವಿಗೆ. ಕ್ಲೌಡಿನಲ್ಲೂ ಒಂದು ಪ್ರತಿ ಇದೆ. ಆದರೆ ಸಿಂಕ್ ಎಂಬುದು ಕೆಟ್ಟ ಫೈಲನ್ನೂ ಅಷ್ಟೇ ನಿಷ್ಠೆಯಿಂದ ಮೇಲೆ ಏರಿಸುತ್ತದೆ, ಹಳೆಯ ಆವೃತ್ತಿ ವಾಪಸ್ ತರಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಒಂದು ಫೈಲು ವಾಪಸ್ ತೆಗೆದು ತೆರೆದೂ ನೋಡುತ್ತೇನೆ.

ಡಿಫೆಂಡರ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂದಿದೆ, ಅದನ್ನೂ ಹಾಕಿದ್ದೇನೆ. ನಂಬಿಕೆ ಇಲ್ಲದ ಪ್ರೋಗ್ರಾಂ ನಮ್ಮ ಡಾಕ್ಯುಮೆಂಟ್ಸ್ ಬದಲಿಸಲು ಬಂದರೆ ತಡೆಯುತ್ತದೆ. ಕಿರಿಕಿರಿ ಇದೆ. ಮೊದಲ ವಾರ ನನ್ನ ಲೆಕ್ಕದ ಪ್ರೋಗ್ರಾಂ ಸೇವ್ ಮಾಡಲೇ ಬಿಡಲಿಲ್ಲ, ಅನುಮತಿ ಪಟ್ಟಿಗೆ ಸೇರಿಸಬೇಕಾಯಿತು. ನೆನಪಿಡಿ, ಅದು ಬರೆಯುವುದನ್ನು ತಡೆಯುತ್ತದೆ, ಓದಿ ಕದಿಯುವುದನ್ನಲ್ಲ. ಬೇರೆ ಆಂಟಿವೈರಸ್ ಹಾಕಿದವರಿಗೆ ಅದು ಕೆಲಸವನ್ನೇ ಮಾಡುವುದಿಲ್ಲ.

ಕರಡಮ್ಮ | ಮುಂದಿನ ಗುರುವಾರ, ಸಂಜೆ 6:45

ವರದಿ ಒಪ್ಪಿಸುತ್ತಿದ್ದೇನೆ.

ವಿಂಡೋಸ್ ಹೊಸದಾಗಿ ಹಾಕಿಸಿದೆ. ಮೇಷ್ಟ್ರ ಮಾತು ಕೇಳಿ ಎರಡು ಡಿಸ್ಕ್ ತಂದು ಮೇಲೆ ಪೆನ್ನಿನಲ್ಲಿ "ಸಮ" "ಬೆಸ" ಎಂದು ಬರೆದಿದ್ದೇನೆ. ಹಳೆಯ ಫೈಲುಗಳಲ್ಲಿ ಡಾಕ್ಯುಮೆಂಟ್‌ಗಳನ್ನು ಮಾತ್ರ ತಂದುಕೊಂಡೆ, ಪ್ರೋಗ್ರಾಂ ಒಂದನ್ನೂ ತರಲಿಲ್ಲ. ಆ ಜಿಪ್ ಬಿಚ್ಚುವ ಪ್ರೋಗ್ರಾಂ ಅಂತೂ ವಾಪಸ್ ಬಂದಿಲ್ಲ.

ಜಗಲಿ ಖಾತೆಯ ಪರದೆಗೆ ಬೇಕೆಂದೇ ಢಾಳಾದ ಕೇಸರಿ ಬಣ್ಣ ಕೊಟ್ಟಿದ್ದೇನೆ, ಎಲ್ಲಿ ಕೂತಿದ್ದೇನೆ ಎಂದು ಮರೆಯದ ಹಾಗೆ. ಮೊದಲ ಎರಡು ದಿನ ಖಾತೆ ಬದಲಿಸುವುದು ರೇಜಿಗೆ ಎನಿಸಿತು, ಈಗ ಕನ್ನಡಕ ಹಾಕಿಕೊಂಡಷ್ಟೇ ಸಲೀಸು. ಜಗಲಿಯಲ್ಲಿ ತೆರೆದು, ಟೈಪ್ ಕಾಲಂ ನೋಡಿ, ಗಾತ್ರ ನೋಡಿ, ಲೇಖಕರ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿದ ಮೇಲೆ ಒಳಗೆ ಕರೆದುಕೊಳ್ಳುತ್ತೇನೆ. ಹೊಸಬರಿಗೆ ಕಳಿಸುವ ಉತ್ತರದಲ್ಲಿ ಒಂದು ಸಾಲು ಸೇರಿಸಿದ್ದೇನೆ: "ಕರಡನ್ನು ಬರಿಯ ವರ್ಡ್ ಅಥವಾ ಪಿಡಿಎಫ್ ಆಗಿ ಕಳಿಸಿ, ಜಿಪ್ ಬೇಡ." ಇದಕ್ಕೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಆದರೆ ಹಳಬರಿಗೆ ಆ ಸಾಲು ಹೋಗಿರಲಿಲ್ಲ. ಇವತ್ತು ಬೆಳಿಗ್ಗೆ ಪಾಸ್‌ವರ್ಡ್ ಹಾಕಿದ ಜಿಪ್ ಬಂತು, ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ. ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಹನ್ನೊಂದು ವರ್ಷದಿಂದ ನನ್ನಲ್ಲೇ ತಿದ್ದಿಸುವ ಹಿರಿಯರು. ಫೋನ್ ಮಾಡಿ, ಸರ್, ಇದು ನೀವೇ ಕಳಿಸಿದ್ದಾ ಎಂದೆ. "ಹೌದಮ್ಮ, ಏನೋ ವೈರಸ್ ಹಾವಳಿ ಅಂತ ಓದಿದೆ, ಭದ್ರವಾಗಿರಲಿ ಅಂತ ಬೀಗ ಹಾಕಿದೆ" ಎಂದರು.